ನಾಲ್ಕು ಗಂಟೆಯ ಕೆಮ್ಮು

ಜೂನ್ ೩, ಸೋಮವಾರ

ಈ ಪುಸ್ತಕ ಹೆಂಡತಿ ಕೊಟ್ಟು ಹೋದದ್ದು. "ಇಪ್ಪತ್ತು ವರ್ಷದಿಂದ ಬೇರೆಯವ್ರು ಬರೆದಿದ್ದನ್ನ ತಿದ್ದಿದ್ದೇ ಆಯ್ತು. ಇನ್ನು ಮೂರು ತಿಂಗಳು ನೀವೂ ಏನಾದ್ರೂ ಬರೀರಿ. ಯಾರೂ ಓದಲ್ಲ, ಹೆದರ್ಕೋಬೇಡಿ" ಎಂದಳು. ರಕ್ತ ಪರೀಕ್ಷೆಯ ಹೊಸ ಯಂತ್ರ ಕಲಿತು ಬರಲು ಅವಳ ಲ್ಯಾಬಿನವರು ಅವಳನ್ನು ದೂರದ ಊರಿಗೆ ಕಳಿಸಿದ್ದಾರೆ. ಆಗಸ್ಟ್ ಕೊನೆಗೆ ವಾಪಸ್ಸು. ಶನಿವಾರ ಬಸ್ಸು ಹತ್ತಿಸಿ ಬಂದೆವು. ಮಗಳು ಬಟಾಣಿ ಅಳಲಿಲ್ಲ. ಒಂಬತ್ತು ವರ್ಷಕ್ಕೆ ಗಟ್ಟಿ ಹುಡುಗಿ. ಹುಟ್ಟಿದಾಗ ದುಂಡಗಿದ್ದಳೆಂದು ನಾನೇ ಇಟ್ಟ ಅಡ್ಡಹೆಸರು ಅದು. ಈಗ ಕಡ್ಡಿಯಾಗಿದ್ದಾಳೆ, ಹೆಸರು ಮಾತ್ರ ದುಂಡಗೆ ಉಳಿದಿದೆ.

ಬರೆಯುವುದೆಂದ ಮೇಲೆ ಗುರಿ ಇರಬೇಕು. ಮೂರು ಇಟ್ಟುಕೊಂಡಿದ್ದೇನೆ. ಮುದ್ರಣಾಲಯದಲ್ಲಿ ನಮ್ಮ ಮುಖ್ಯ ತಿದ್ದುಗರು ಜುಲೈಯಲ್ಲಿ ನಿವೃತ್ತರಾಗುತ್ತಾರೆ, ಕಿಟಕಿ ಪಕ್ಕದ ಅವರ ಕುರ್ಚಿ ನನಗೆ ಬರಬೇಕು. ಹೊಟ್ಟೆ ಎರಡಿಂಚು ಕರಗಬೇಕು. ಮೂರನೆಯದು, ಅಮ್ಮ ಬರುವಷ್ಟರಲ್ಲಿ ಬಟಾಣಿ ಒಂದೂ ತಪ್ಪಿಲ್ಲದೆ ಬರೆಯುವಂತಾಗಬೇಕು. ಸಾವಿರಾರು ಮಕ್ಕಳ ಪಠ್ಯಪುಸ್ತಕ ತಿದ್ದುವವನ ಮಗಳು "ದನ್ಯವಾದ" ಎಂದು ಬರೆದರೆ ನಾನು ಮುಖ ಎಲ್ಲಿಟ್ಟುಕೊಳ್ಳಲಿ? ನಿಯಮ ಸರಳ. ತಪ್ಪಿದ ಪದವನ್ನು ಹತ್ತು ಸಲ ಬರೆಯುವುದು.

ಜೂನ್ ೫, ಬುಧವಾರ

ಬೆಳಿಗ್ಗೆ ಐದೂವರೆಗೆ ಎದ್ದು, ಬಗ್ಗಿ ಕಾಲ್ಬೆರಳು ಮುಟ್ಟಲು ನೋಡಿದೆ. ಮೊಣಕಾಲು ಸಿಕ್ಕಿತು.

ಸೋಮವಾರ ಬರೆದದ್ದನ್ನು ಓದಿದೆ. ಎರಡು ಕಡೆ ತಪ್ಪಿತ್ತು, ತಿದ್ದಿದೆ.

ಬಟಾಣಿಯನ್ನು ಶಾಲೆಯ ವ್ಯಾನು ಮೂರೂವರೆಗೆ ಬಿಡುತ್ತದೆ. ನಾನು ಮನೆ ಮುಟ್ಟುವುದು ಐದೂವರೆಗೆ. ಇಷ್ಟು ದಿನ ಆ ಹೊತ್ತಿಗೆ ಅವಳಮ್ಮ ಮನೆಯಲ್ಲಿರುತ್ತಿದ್ದಳು. ಈಗ ಬೀಗದ ಕೈಗೆ ದಾರ ಪೋಣಿಸಿ ಕೊರಳಿಗೆ ಹಾಕಿದ್ದೇನೆ. "ಎರಡು ಗಂಟೆ ಒಬ್ಳೇ ಇರ್ತೀಯಾ?" ಎಂದು ಕೇಳಿದೆ. "ಹೂಂ" ಎಂದಳು. ಅಲ್ಲಿಗೆ ಆ ವಿಷಯ ಮುಗಿಯಿತು.

ಜೂನ್ ೧೦, ಸೋಮವಾರ

ನಿನ್ನೆ ಬಟಾಣಿ ಅಮ್ಮನಿಗೆ ಕಾಗದ ಬರೆದಳು. ಫೋನು ಕೊಟ್ಟರೆ ಹೂಂ, ಉಹೂಂ ಬಿಟ್ಟು ಇವಳ ಬಾಯಿಂದ ಮೂರನೆಯದು ಬರುವುದಿಲ್ಲ, ಅದಕ್ಕೇ ವಾರಕ್ಕೊಂದು ಕಾಗದ ಎಂದು ತಾಯಿ ಮಗಳ ಒಪ್ಪಂದ. ಮೂರು ಪುಟ ಬರೆದಿದ್ದಳು. ಹದಿನೇಳು ತಪ್ಪು! ಒಂದೇ ವಾಕ್ಯ ಅರ್ಧ ಪುಟ ಓಡಿತ್ತು, ಉಸಿರಾಡಲು ಒಂದು ಅಲ್ಪವಿರಾಮವಿಲ್ಲ. ತಿದ್ದಿಕೊಟ್ಟೆ. ನೂರ ಎಪ್ಪತ್ತು ಪದ ಬರೆದು, ಕಾಗದವನ್ನು ಶುದ್ಧವಾಗಿ ಇನ್ನೊಮ್ಮೆ ಬರೆಯುವಷ್ಟರಲ್ಲಿ ಭಾನುವಾರವೇ ಮುಗಿದಿತ್ತು. ಪಾಪ, ಬೆರಳು ಊದಿತ್ತು. ಆದರೆ ಅಕ್ಷರ ಮಾತ್ರ ಮುತ್ತು.

ಶಾಲೆಯ ಲಂಗದ ಹಿಂಬದಿ ದಿನವೂ ಧೂಳಾಗುತ್ತಿದೆ. ಎಲ್ಲಿ ಕೂರುತ್ತೀ ಎಂದರೆ "ಎಲ್ಲೂ ಇಲ್ಲ" ಎನ್ನುತ್ತಾಳೆ. ಗದರಿದೆ.

ಜೂನ್ ೧೨, ಬುಧವಾರ

ನನ್ನ ಕೆಲಸದ ಗುಟ್ಟನ್ನು ಇಲ್ಲಾದರೂ ಬರೆದಿಡಬೇಕು. ಕರಡು ತಿದ್ದುವವನು ಅರ್ಥ ನೋಡಬಾರದು. ಅರ್ಥಕ್ಕೆ ಮನಸ್ಸು ಕೊಟ್ಟರೆ ಕಣ್ಣು ಓಡುತ್ತದೆ, ತಪ್ಪು ನುಸುಳುತ್ತದೆ. ಅಕ್ಷರಕ್ಕೆ ಅಕ್ಷರ ನೋಡಬೇಕು ಅಷ್ಟೆ. ನನ್ನ ಎದುರು ಓದಮ್ಮ ಕೂರುತ್ತಾಳೆ. ಮೂಲಪ್ರತಿಯನ್ನು ಗಟ್ಟಿಯಾಗಿ ಓದುವುದು ಅವಳ ಕೆಲಸ, ನಿಜವಾದ ಹೆಸರು ಸಂಬಳದ ದಿನ ಮಾತ್ರ ನೆನಪಾಗುತ್ತದೆ. ಅಲ್ಪವಿರಾಮ, ಪೂರ್ಣವಿರಾಮಗಳನ್ನೂ ಬಿಡದೆ ಒಂದೇ ರಾಗದಲ್ಲಿ ಓದುತ್ತಾಳೆ. ನಾನು ಅಚ್ಚಾದ ಹಾಳೆಯ ಮೇಲೆ ಕಣ್ಣಾಡಿಸುತ್ತೇನೆ. ನಿನ್ನೆ ಮುಗಿಸಿದ ಪುಸ್ತಕ ಜೇನು ಸಾಕಣೆಯದೋ ಜ್ವರದ ಔಷಧಿಯದೋ ಎಂದು ಊಟದ ಹೊತ್ತಿಗೆ ಮ್ಯಾನೇಜರ್ ಕೇಳಿದರು. ನನಗೂ ಗೊತ್ತಿರಲಿಲ್ಲ, ಓದಮ್ಮನಿಗೂ ಗೊತ್ತಿರಲಿಲ್ಲ. ಆದರೆ ಒಂದೂ ತಪ್ಪಿರಲಿಲ್ಲ. ಮ್ಯಾನೇಜರ್ ತಲೆದೂಗಿದರು. ಕುರ್ಚಿ ಹತ್ತಿರ ಬಂದಂತಿದೆ.

ಜೂನ್ ೧೩, ಗುರುವಾರ

ಹೊಟ್ಟೆ ಇದ್ದಲ್ಲೇ ಇದೆ.

ಬೆಳಿಗ್ಗೆ ಹಾಲಿನ ಪಾತ್ರೆಯ ಕೆಳಗೆ ಬಟಾಣಿ ಒಂದು ಚೀಟಿ ಇಟ್ಟಿದ್ದಳು. ಮೂರು ಸಾಲಿನ ಚೀಟಿ, ನಾಲ್ಕು ತಪ್ಪು. "ಬಯ" ಅಂತೆ! ಅಡಿಯ ಪುಟ್ಟ ಗೀಟು ಹಾಕಲು ಇವಳಿಗೇನು ಕಷ್ಟ? ಮಹಾಪ್ರಾಣ ಹೋದರೆ ಪದದ ಪ್ರಾಣವೇ ಹೋದಂತೆ ಎಂದು ಎಷ್ಟು ಸಲ ಹೇಳಿಲ್ಲ. "ಕೆಮ್ಮುತಾರೆ" ಎಂಬಲ್ಲಿ ಒತ್ತಿಲ್ಲ, "ಬಚ್ಚಲಮನೆಲಿ" ಎಂದು ಆಡುಮಾತು ನುಗ್ಗಿಸಿದ್ದಾಳೆ, ಕೊನೆಯಲ್ಲಿ ಪ್ರಶ್ನೆ ಕೇಳಿ ಪ್ರಶ್ನಾರ್ಥಕ ಚಿಹ್ನೆ ಹಾಕುವುದು ಬಿಟ್ಟು ಚುಕ್ಕಿ ಇಟ್ಟಿದ್ದಾಳೆ. ಕೆಲಸಕ್ಕೆ ಹೊತ್ತಾಗಿತ್ತು, ನಿಂತಲ್ಲೇ ಕೆಂಪು ಶಾಯಿಯಲ್ಲಿ ತಿದ್ದಿ ಅದೇ ಪಾತ್ರೆಯ ಕೆಳಗಿಟ್ಟು ಹೊರಟೆ.

ಜೂನ್ ೧೪, ಶುಕ್ರವಾರ

ಹೇಳದೆಯೇ ಚೀಟಿಯ ಹಿಂದುಗಡೆ ಹತ್ತು ಸಲ ಬರೆದಿಟ್ಟಿದ್ದಾಳೆ. ಭಯ ಭಯ ಭಯ, ಹತ್ತೂ ಸರಿ, ಹತ್ತಕ್ಕೂ ಗೀಟು. ಎಷ್ಟು ಅಂದವಾಗಿದೆ ಎಂದರೆ ಅಚ್ಚಿನ ಮೊಳೆಯೂ ಸೋಲಬೇಕು. ಕೆಳಗೆ "ಬಹಳ ಚೆನ್ನಾಗಿದೆ" ಎಂದು ಬರೆದು ಅವಳಿಗೆ ತೋರಿಸಿದೆ. ನೋಡಿ ನನಗೇ ವಾಪಸ್ಸು ಕೊಟ್ಟಳು. ಚೀಟಿ ನನ್ನ ಕರಡಿನ ಕಟ್ಟಿಗೆ ಪುಟಗುರುತಾಯಿತು.

ಜೂನ್ ೧೭, ಸೋಮವಾರ

ಗೆದ್ದೆ! ನಿನ್ನೆಯ ಕಾಗದದಲ್ಲಿ ಒಂದೇ ಒಂದು ತಪ್ಪಿಲ್ಲ. "ಅಮ್ಮ, ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀಯ? ಶಾಲೆ ಚೆನ್ನಾಗಿದೆ. ಅಪ್ಪ ಚೆನ್ನಾಗಿದ್ದಾರೆ." ನಾಲ್ಕೇ ಸಾಲು, ಆದರೆ ನಾಲ್ಕೂ ಅಪ್ಪಟ ಚಿನ್ನ. ಎರಡು ವಾರದಲ್ಲಿ ಗುರಿ ಮುಟ್ಟಿಸಿದ ಅಪ್ಪ ನಾನೊಬ್ಬನೇ ಇರಬೇಕು.

ಜೂನ್ ೨೪, ಸೋಮವಾರ

ನಿನ್ನೆ ಹೆಂಡತಿ ಫೋನಿನಲ್ಲಿ ಕೇಳಿದಳು, "ಈ ಕಾಗ್ದ ಅವಳು ಬರೆದಿದ್ದಾ, ನೀವು ಬರೆಸಿದ್ದಾ?"

"ಅವಳೇ ಬರೆದಿದ್ದು. ಒಂದೂ ತಪ್ಪಿಲ್ಲ ನೋಡಿದ್ಯಾ?"

"ನೋಡ್ದೆ. ವಿಮಾ ಕಂಪನಿ ಕಾಗ್ದ ಇದ್ದಂಗಿದೆ."

ನನಗೆ ಸಿಟ್ಟು ಬಂತು. ದುಡಿದವನಿಗೆ ಇಷ್ಟೇ ಮರ್ಯಾದೆ. ಬಟಾಣಿಗೆ ಫೋನು ಕೊಟ್ಟೆ, ಹೂಂ ಎಂದಳು, ಉಹೂಂ ಎಂದಳು, ಕೊಟ್ಟಳು. ಈಚೆಗೆ ಮನೆಯಲ್ಲಿ ಒಂದು ಬಗೆಯ ಶಿಸ್ತು ಬಂದಿದೆ. ನಾನು ಮಾತಾಡದಿದ್ದರೆ ಯಾರೂ ಮಾತಾಡುವುದಿಲ್ಲ.

ಜೂನ್ ೨೭, ಗುರುವಾರ

ನಿನ್ನೆ ನಡೆದದ್ದನ್ನು ಬರೆಯಬೇಕು.

ಮಧ್ಯಾಹ್ನ ಮೂರರ ಸುಮಾರಿಗೆ ಭೂಗೋಳದ ಪುಸ್ತಕದ ಕರಡು ನೋಡುತ್ತಿದ್ದೆವು. ಕಟ್ಟನ್ನು ಮೇಜಿನಿಂದ ಮೇಜಿಗೆ ದಾಟಿಸುವಾಗ ನನ್ನ ಪುಟಗುರುತು ಓದಮ್ಮನ ಮೂಲಪ್ರತಿಯೊಳಗೆ ಸೇರಿಕೊಂಡಿತ್ತು. ಅವಳು ಎಂದಿನ ರಾಗದಲ್ಲಿ ಓದುತ್ತಿದ್ದಳು. "ನದಿಗಳು ಸಮುದ್ರವನ್ನು ಸೇರುತ್ತವೆ ಪೂರ್ಣವಿರಾಮ." ಹಾಳೆ ಮಗುಚಿದಳು. "ಅಪ್ಪ ಅಲ್ಪವಿರಾಮ ನನಗೆ ಭಯ ಆಗುತ್ತದೆ ಪೂರ್ಣವಿರಾಮ. ನಾಲ್ಕು ಗಂಟೆಗೆ ಬಚ್ಚಲಮನೆಯಲ್ಲಿ ಯಾರೋ ಕೆಮ್ಮುತ್ತಾರೆ ಪೂರ್ಣವಿರಾಮ. ನೀನು ಬೇಗ ಬರುತ್ತೀಯಾ ಪ್ರಶ್ನಾರ್ಥಕ."

ನಾನು ಅಚ್ಚಿನ ಹಾಳೆಯಲ್ಲಿ ಆ ಸಾಲು ಹುಡುಕಿದೆ. ನಿಜ ಹೇಳುತ್ತೇನೆ, ಹುಡುಕಿದೆ. ಎರಡು ಸಲ ಬೆರಳಿಟ್ಟು ಹುಡುಕಿ "ಇಲ್ಲಿ ಮೂರು ವಾಕ್ಯ ಬಿಟ್ಟುಹೋಗಿದೆ" ಎಂದು ಅಂಚಿನಲ್ಲಿ ಗುರುತು ಹಾಕಲು ಹೋದೆ. ಓದಮ್ಮ ಓದುವುದು ನಿಲ್ಲಿಸಿದ್ದಳು. ಇಷ್ಟು ವರ್ಷದಲ್ಲಿ ಅವಳು ನಡುವೆ ನಿಲ್ಲಿಸಿದ್ದು ನಾನು ಕಂಡಿಲ್ಲ. "ಇದು ಪುಸ್ತಕದ್ದಲ್ಲ ಕಣಪ್ಪ" ಎಂದಳು, ಬೇರೆಯದೇ ದನಿಯಲ್ಲಿ. ಚೀಟಿಯನ್ನು ತಿರುಗಿಸಿದಳು. ಹತ್ತು ಭಯ. ಅದರ ಕೆಳಗೆ ನನ್ನ ಕೆಂಪಕ್ಷರ, ಬಹಳ ಚೆನ್ನಾಗಿದೆ.

"ಮಗು ಇದನ್ನ ಯಾವತ್ತು ಕೊಟ್ಟಿದ್ದು?" ಎಂದು ಕೇಳಿದಳು.

ಹದಿಮೂರು ದಿನವಾಗಿತ್ತು. ಎದ್ದು ಹೊರಟೆ. ಯಾರಿಗೂ ಹೇಳಲಿಲ್ಲ, ಕನ್ನಡಕವನ್ನು ಮೇಜಿನ ಮೇಲೇ ಬಿಟ್ಟಿದ್ದೆ.

ನಮ್ಮದು ಮೂರನೆಯ ಮಹಡಿ. ಎರಡನೆಯ ಮಹಡಿ ದಾಟಿ ತಿರುಗುವಲ್ಲಿ, ಮೆಟ್ಟಿಲ ಮೇಲೆ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಬಟಾಣಿ ಲೆಕ್ಕ ಮಾಡುತ್ತಿದ್ದಳು. ಅಲ್ಲಿರುವ ಪುಟ್ಟ ಕಿಟಕಿಯಿಂದ ಬೀದಿ ಕಾಣುತ್ತದೆ. ದಿನವೂ ನಾನು ತಿರುವಿನಲ್ಲಿ ಕಂಡೊಡನೆ ಓಡಿಹೋಗಿ ಬಾಗಿಲು ತೆಗೆದು, ಆಗಲೇ ಒಳಗಿದ್ದವಳಂತೆ ಕೂರುತ್ತಿದ್ದಳಂತೆ. ಇದನ್ನು ಅವಳು ಹೇಳಿದ್ದಲ್ಲ. ಕೆಳಮನೆಯ ಟೈಲರ್ ಹೇಳಿದರು. "ಇಲ್ಲೇ ಕೂತಿರು ಅಂತ ನೀವೇ ಹೇಳಿರ್ತೀರಿ ಅಂದ್ಕೊಂಡೆ. ನೀರು ಬೇಕಾ ಪುಟ್ಟ ಅಂದ್ರೆ ಬೇಡ ಅನ್ನೋಳು" ಎಂದರು.

ನನ್ನನ್ನು ನೋಡಿ ಅವಳು ಥಟ್ಟನೆ ಎದ್ದು ಲಂಗ ಕೊಡವಿಕೊಂಡಳು. ಬೈಯುತ್ತೇನೆಂದು ಕೊಡವಿಕೊಂಡಳು.

"ಬಚ್ಚಲಲ್ಲಿ ಯಾರೋ ಕೆಮ್ತಾರಾ?" ಎಂದು ಕೇಳಿದೆ.

"ಏನಿಲ್ಲಪ್ಪ" ಎಂದಳು. "ನಾನು ಚೆನ್ನಾಗಿದ್ದೇನೆ."

ಬಾಯಲ್ಲೂ ಹಾಗೆಯೇ, ಅಚ್ಚಿನ ಕನ್ನಡದಲ್ಲಿ.

ಜೂನ್ ೨೮, ಶುಕ್ರವಾರ

ಮ್ಯಾನೇಜರರನ್ನು ಕಂಡೆ. ಬೆಳಿಗ್ಗೆ ಏಳಕ್ಕೆ ಬಂದು ಮೂರಕ್ಕೆ ಹೋಗುತ್ತೇನೆ ಎಂದೆ. ಬೆಳಿಗ್ಗೆ ಮಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದರು. ಟೈಲರ್ ಹೆಂಡತಿ ವ್ಯಾನು ಹತ್ತಿಸುತ್ತಾರೆ ಎಂದೆ. ಕನ್ನಡಕ ತೆಗೆದು ಒರೆಸುತ್ತಾ ಕೂತರು. "ಕೊನೆ ಕರಡು ಬರೋದೇ ಸಂಜೆ ಐದಕ್ಕೆ. ಮೂರಕ್ಕೆ ಎದ್ದು ಹೋಗೋರಿಗೆ ಆ ಕುರ್ಚಿ ಹೆಂಗ್ರೀ ಕೊಡ್ಲಿ?"

"ಗೊತ್ತು ಸಾರ್."

"ಯೋಚ್ನೆ ಮಾಡಿ ಹೇಳಿ."

"ಮಾಡಿದೀನಿ ಸಾರ್" ಎಂದೆ. ಮಾಡಿರಲಿಲ್ಲ.

ಜುಲೈ ೧, ಸೋಮವಾರ

ಮೂರೂವರೆಗೆ ವ್ಯಾನಿನ ಬಳಿ ನಿಂತಿದ್ದೆ. ನನ್ನನ್ನು ನೋಡಿ ಬಟಾಣಿಗೆ ಏನೋ ಕೆಟ್ಟದಾಗಿದೆ ಅನ್ನಿಸಿರಬೇಕು. "ಅಮ್ಮಂಗೇನಾಯ್ತು?" ಎಂದಳು. ಏನೂ ಆಗಿಲ್ಲ, ಇನ್ನು ಮೇಲೆ ನಾನು ಬೇಗ ಬರುತ್ತೇನೆ ಎಂದೆ. "ಕೆಲಸ ಹೋಯ್ತಾ?" ಎಂದಳು. ನನ್ನ ಮಗಳಿಗೆ ನಾನು ಬೇಗ ಬರುವುದಕ್ಕೆ ಸಿಕ್ಕ ಕಾರಣಗಳು ಇವೆರಡೇ.

ಮೆಟ್ಟಿಲ ತಿರುವಿಗೆ ಬಂದಾಗ ಅವಳ ಕಾಲು ತಾನಾಗಿ ನಿಂತಿತು. ಒಳಗೆ ಹೋಗೋಣ ಎನ್ನಲು ಬಾಯಿ ತೆರೆದವನು ಹಾಗೇ ಕೂತುಬಿಟ್ಟೆ. ಅವಳೂ ಕೂತಳು. ಒಂದು ಪೊಟ್ಟಣ ಬಿಸ್ಕತ್ತು ಖಾಲಿ ಮಾಡಿದೆವು. ಕಲ್ಲಿನ ಮೆಟ್ಟಿಲು ತಣ್ಣಗಿರುತ್ತದೆ, ಹತ್ತು ನಿಮಿಷಕ್ಕೇ ಸೊಂಟ ಹಿಡಿಯಿತು. ಇವಳು ದಿನವೂ ಎರಡು ಗಂಟೆ ಕೂತಿದ್ದಳು.

ಜುಲೈ ೨, ಮಂಗಳವಾರ

ಮೆಟ್ಟಿಲು. ಬಿಸ್ಕತ್ತು. ಕೂರಲು ಹಳೆ ಕಂಬಳಿ ಒಯ್ದಿದ್ದೆ.

ಜುಲೈ ೩, ಬುಧವಾರ

ಮೆಟ್ಟಿಲು. ಟೈಲರ್ ನಮ್ಮನ್ನು ದಾಟಿ ಹೋಗುವಾಗ "ಅಪ್ಪಂದೂ ಬೀಗದ ಕೈ ಕಳೀತಾ?" ಎಂದರು. ಬಟಾಣಿ ಕಿಸಕ್ಕೆಂದಳು. ತಿಂಗಳಾಯಿತು ಆ ಸದ್ದು ಕೇಳಿ.

ಜುಲೈ ೪, ಗುರುವಾರ

ಇಂದು ಮೆಟ್ಟಿಲ ಮೇಲೆ ಕೂತಿದ್ದಾಗ ಬಟಾಣಿ ನನ್ನ ಕೈಗಡಿಯಾರ ನೋಡಿ, ಮೆಲ್ಲಗೆ, "ಈಗ ಕೆಮ್ತಾರೆ ನೋಡು" ಎಂದಳು.

"ಯಾರು?"

"ಗೊತ್ತಿಲ್ಲ. ಒಳಗಿದಾರೆ. ವಯಸ್ಸಾಗಿದೆ ಅವ್ರಿಗೆ."

"ಕೇಳಿಸ್ಕೊಂಡು ಬರೋಣ್ವಾ?"

ಬಿಸ್ಕತ್ತಿನ ಪೊಟ್ಟಣ ಮಡಿಸಿಟ್ಟಳು. "ನೀನು ಮುಂದೆ ಹೋಗು" ಎಂದಳು. ನಾನು ಮುಂದೆ, ಅವಳು ನನ್ನ ಅಂಗಿಯ ತುದಿ ಹಿಡಿದುಕೊಂಡು ಹಿಂದೆ. ಬಚ್ಚಲಿನ ಬಾಗಿಲು ತಳ್ಳಿ ನಿಂತೆವು. ಬಕೆಟ್ಟು, ಚೊಂಬು, ಒಣಗಲು ಹಾಕಿದ ನನ್ನ ಬನಿಯನ್ನು. ಏನೂ ಇಲ್ಲ. ಅವಳಿಗೆ ಹೇಳಬೇಕೆಂದು ತಿರುಗಿದೆ, ಅಷ್ಟರಲ್ಲಿ ಗೋಡೆಯೊಳಗಿಂದ, ನನ್ನ ಕಿವಿಯ ಪಕ್ಕದಲ್ಲೇ, ಮುದುಕನೊಬ್ಬ ಗಂಟಲು ಸರಿಮಾಡಿಕೊಂಡು "ಖೊಹ್, ಖೊಹ್, ಖೊಹ್ಹೋ" ಎಂದು ಕೆಮ್ಮಿದ.

ನಾನು ಹಾರಿದೆ. ಸುಳ್ಳು ಹೇಳುವುದೇಕೆ, ಚೀರಿದೆ ಕೂಡ. ಬಕೆಟ್ಟಿನ ಮೇಲೆ ಬಿದ್ದೆ, ಬಕೆಟ್ಟು ಉರುಳಿತು, ಪ್ಯಾಂಟು ಮೊಣಕಾಲಿನವರೆಗೆ ಒದ್ದೆ. ಬಟಾಣಿ ಮೊದಲು ಬೆಚ್ಚಿ ನೋಡಿದಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತು ನಕ್ಕಳು. ನಗು ಅಳುವಾಯಿತು, ಮತ್ತೆ ನಗುವಾಯಿತು. ಒದ್ದೆ ನೆಲದಲ್ಲೇ ಅವಳನ್ನು ತಬ್ಬಿ ಕೂತೆ. ನನಗೂ ಅಳು ಬಂತು. ಬರೆಯಲು ನಾಚಿಕೆಯೇನಿಲ್ಲ, ಬಂತು.

"ನಿಂಗೂ ಆಯ್ತಾ ಅಪ್ಪ?"

"ಆಯ್ತಮ್ಮ."

ಟೈಲರನ್ನು ಕೇಳಿದರೆ, ವಾರದ ದಿನ ನಾಲ್ಕಕ್ಕೆ ಕೆಳಗೆ ನೀರಿನ ಮೋಟಾರ್ ಹಾಕುತ್ತಾರೆ, ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ, ಅದರದೇ ಸದ್ದು ಎಂದರು. ಐದು ನಿಮಿಷದ ವಿಷಯ. ಅವಳು ಬರೆದು ಕೇಳಿದ್ದಳು.

ಜುಲೈ ೮, ಸೋಮವಾರ

ಕೊಳಾಯಿಯವನನ್ನು ಕರೆಸಿ ಸದ್ದು ನಿಲ್ಲಿಸುತ್ತೇನೆ ಎಂದರೆ ಬಟಾಣಿ ಬೇಡವೇ ಬೇಡ ಎನ್ನುತ್ತಾಳೆ. ಅವನೀಗ ಕೆಮ್ಮಜ್ಜ. ನಾಲ್ಕಕ್ಕೆ ನಾವಿಬ್ಬರೂ ಬಚ್ಚಲಿನ ಹೊಸ್ತಿಲ ಹತ್ತಿರ ಕೂತು ಕಾಯುತ್ತೇವೆ, ಕೆಮ್ಮಿದ ಮೇಲೆ ಅವಳು "ಔಷ್ದಿ ತಗೊಂಡ್ರಾ ಅಜ್ಜ?" ಎಂದು ವಿಚಾರಿಸುತ್ತಾಳೆ. ಸದ್ದು ಬರುವ ಮೊದಲು ನನ್ನ ಕೈ ಹಿಡಿಯುತ್ತಾಳೆ.

ಮಾತು ಶುರುವಾಗಿದೆ. ಶಾಲೆಯ ಪಕ್ಕದ ಬೆಂಚಿನವಳು, ಅವಳ ನಾಯಿ, ನಾಯಿಯ ಮುರಿದ ಕಾಲು, ಆ ಕಾಲಿಗೆ ಪಟ್ಟಿ ಕಟ್ಟಿದ ಡಾಕ್ಟರು. ಎಲ್ಲೂ ಪೂರ್ಣವಿರಾಮವಿಲ್ಲ.

ಜುಲೈ ೧೧, ಗುರುವಾರ

ಎಡವಿದೆ. ಅವಳು ನಾಯಿಯ ಕಥೆ ಹೇಳುತ್ತಾ "ಆಸ್ಪತ್ರಿಗೆ ಕರ್ಕೊಂಡು ಹೋದ್ರಂತೆ" ಎಂದಳು. "ಆಸ್ಪತ್ರೆ" ಎಂದೆ. ಬಾಯಿಂದ ಜಾರಿಹೋಯಿತು, ಅಷ್ಟೆ. ಅವಳು ನಿಲ್ಲಿಸಿದಳು. ಆಮೇಲೆ ನಾಯಿಗೆ ಏನಾಯಿತೆಂದು ಎಷ್ಟು ಕೇಳಿದರೂ "ಚೆನ್ನಾಗಿದೆ" ಎಂದುಬಿಟ್ಟಳು.

ಜುಲೈ ೧೨, ಶುಕ್ರವಾರ

ನಾಯಿಗೆ ಏನಾಯಿತು ಎಂದು ಇಂದು ಮೂರು ಸಲ ಕೇಳಿದೆ. ತಮಾಷೆಗಲ್ಲ, ನನಗೆ ನಿಜಕ್ಕೂ ತಿಳಿಯಬೇಕಿತ್ತು. ಮಧ್ಯಾಹ್ನ ಕೆಲಸದಲ್ಲೂ ಅದೇ ತಲೆಯಲ್ಲಿತ್ತು. ಕೊನೆಗೆ ಹೇಳಿದಳು. ಮೂರೇ ಕಾಲಲ್ಲಿ ಓಡುತ್ತದಂತೆ, ಬೆಕ್ಕನ್ನೂ ಅಟ್ಟಿಸಿಕೊಂಡು ಹೋಗುತ್ತದಂತೆ. ಎಷ್ಟು ಸಮಾಧಾನವಾಯಿತು!

ಜುಲೈ ೧೮, ಗುರುವಾರ

ಕಿಟಕಿ ಪಕ್ಕದ ಕುರ್ಚಿ ಆಚೆ ಮೇಜಿನವರಿಗೆ ಸಿಕ್ಕಿತು. ಹೋಗಿ ಕೈ ಕುಲುಕಿದೆ. ಆ ಕಿಟಕಿಗೆ ಮಧ್ಯಾಹ್ನದ ಬಿಸಿಲು ಹೊಡೆಯುತ್ತದೆ, ಪರದೆ ಹಾಕಿಸಿಕೊಳ್ಳಿ ಎಂದೆ.

ಇವತ್ತು ಓದಮ್ಮ ಒಂದು ಮಕ್ಕಳ ಕಥೆ ಓದುತ್ತಿದ್ದಳು. ಆಮೆ ಬಾವಿಗೆ ಬಿದ್ದಲ್ಲಿಗೆ ಊಟದ ಗಂಟೆ ಹೊಡೆಯಿತು. "ಮುಂದೇನಾಗತ್ತೆ ಅಂತ ನೋಡಿಬಿಡೋಣ, ಇನ್ನೊಂದು ಪುಟ" ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ಆಮೇಲೆ ಲೆಕ್ಕ ಹಾಕಿದರೆ ಆ ಪುಟದಲ್ಲಿ ಎರಡು ತಪ್ಪು ನನ್ನ ಕಣ್ಣು ತಪ್ಪಿಸಿದ್ದವು. ವಯಸ್ಸಾಗುತ್ತಿದೆಯೇನೋ. ಕಣ್ಣು ತೋರಿಸಬೇಕು.

ಜುಲೈ ೨೮, ಭಾನುವಾರ

ಬಟಾಣಿ ಬೆಳಿಗ್ಗೆಯಿಂದ ಅಮ್ಮನಿಗೆ ಕಾಗದ ಬರೆದಳು. ತಂದು ನನ್ನ ಮುಂದಿಟ್ಟು, ಪಕ್ಕದಲ್ಲಿ ಕೆಂಪು ಪೆನ್ನನ್ನೂ ಇಟ್ಟು, ಕೈ ಕಟ್ಟಿ ನಿಂತಳು. ಹಾಳೆಗಳನ್ನು ಮಡಿಸಿ ಲಕೋಟೆಗೆ ತುರುಕಿದೆ.

"ತಿದ್ದಲ್ವಾ?"

"ಅಮ್ಮಂಗೆ ತಾನೆ ಬರೆದಿದ್ದು?"

"ಓದೋದೂ ಇಲ್ವಾ?"

"ಇಲ್ಲ."

ನನ್ನ ಮುಖವನ್ನೇ ಅಳೆದಳು. "ಹಂಗಾದ್ರೆ ಕೊಡು, ಇನ್ನೊಂದು ವಿಷ್ಯ ಸೇರಿಸೋದಿದೆ" ಎಂದು ಲಕೋಟೆ ಕಿತ್ತುಕೊಂಡು ಹೋದಳು. ಮೊಣಕೈ ಅಡ್ಡ ಇಟ್ಟುಕೊಂಡು ಅರ್ಧ ಗಂಟೆ ಬರೆದಳು. ನಾನು ಅತ್ತ ಹಾಯಲಿಲ್ಲ. ಎರಡು ಸಲ ಹಾಯುವ ಮನಸ್ಸಾಯಿತು.

ಆಗಸ್ಟ್ ೪, ಭಾನುವಾರ

ಹೆಂಡತಿಯ ಫೋನು ಬಂದಾಗ ಬಟಾಣಿ ಟೈಲರ್ ಮನೆಯಲ್ಲಿ ಗುಂಡಿ ಆರಿಸುತ್ತಿದ್ದಳು. ಫೋನೆತ್ತಿ ಹಲೋ ಎನ್ನುವ ಮುಂಚೆಯೇ ಆ ಕಡೆ ನಗು.

"ಏನ್ರೀ, ಒಂಬತ್ತು ಪುಟ! ಒಂದು ಪದಾನೂ ನೆಟ್ಟಗಿಲ್ಲ. ಮೂರು ಸಲ ಓದಿದೆ. ಪಕ್ಕದ ರೂಮಿನವ್ರಿಗೂ ಓದಿ ಹೇಳ್ದೆ." ನಗು ತಡೆದು, "ಅದಿರ್ಲಿ, ನಿಮ್ಮ ಬಗ್ಗೆ ಇರೋದು ನಿಜಾನಾ?"

"ಏನು ಬರೆದಿದಾಳೆ?"

"'ಅಪ್ಪನಿಗೆ ಸಾಯಂಕಾಲ ಮನೇಲಿ ಒಬ್ರೇ ಇರೋಕೆ ಹೆದರಿಕೆ ಆಗತ್ತೆ, ಆದ್ರೆ ಯಾರ ಹತ್ರನೂ ಹೇಳ್ಕೊಳಲ್ಲ. ಅದಕ್ಕೆ ನಾನು ದಿನಾ ನಾಲ್ಕು ಗಂಟೆಗೆ ಕೈ ಹಿಡ್ಕೊಂಡು ಕೂತಿರ್ತೀನಿ. ಈಗ ಪರ್ವಾಗಿಲ್ಲ. ನೀನು ನಿಧಾನಕ್ಕೆ ಕಲ್ತು ಬಾ, ನಾನು ನೋಡ್ಕೋತೀನಿ. ಅಪ್ಪನ್ನ ಕೇಳ್ಬೇಡ, ಬೇಜಾರ್ ಮಾಡ್ಕೋತಾರೆ.'" ಓದಿ ಮುಗಿಸಿ ಮತ್ತೆ ನಕ್ಕಳು. "ಏನಿದೆಲ್ಲ? ಹೆದರ್ಕೊಂಡಿದ್ದು ನೀವಾ ಅವಳಾ?"

ನಡೆದದ್ದನ್ನು ಮೊದಲಿಂದ ಹೇಳಬೇಕೆಂದು ಬಾಯಿ ತೆರೆದೆ. ಚೀಟಿ, ಮೆಟ್ಟಿಲು, ಕುರ್ಚಿ, ಎಲ್ಲ ಇತ್ತು ಹೇಳಲು. ಅವಳು ಬಂದ ಮೇಲೆ ಹೇಳುತ್ತೇನೆ, ಹೇಳಲೇಬೇಕು.

"ನಿಜ ಕಣೆ, ನಾನೇ" ಎಂದೆ. "ಅವಳು ಇದಾಳಲ್ಲ, ಅದಕ್ಕೇ ಪರ್ವಾಗಿಲ್ಲ."